ಒಂದೂವರೆ ಡಿಗ್ರಿಗೆ ಮುರಿದ ಸಂಬಂಧ: ಜೋಯಿಸರ ಕೋಷ್ಟಕದ ಒಳಗುಟ್ಟು

ದೇವರಾಜ ಮಾರುಕಟ್ಟೆ ಹತ್ತಿರ ಅಂಗಡಿ ಇಟ್ಟಿರುವ ಗೆಳೆಯರೊಬ್ಬರು ಮೊನ್ನೆ ಸಿಕ್ಕಿದ್ದರು. ಹೆಸರು ಬೇಡ. ಸಂಜೆ ಹೊತ್ತು, ಗಿರಾಕಿ ತುಂಬಿರಬೇಕಾದ ವೇಳೆ. ಮನುಷ್ಯ ಗಲ್ಲಾ ಮುಂದೆ ಸುಮ್ಮನೆ ಕೂತಿದ್ದರು.

"ಏನ್ ಸ್ವಾಮಿ, ವ್ಯಾಪಾರ ಹೆಂಗೆ?" ಅಂದೆ.

"ವ್ಯಾಪಾರದ ಮಾತು ಬಿಡಿ ಸಾರ್. ಮಗಳ ಸಂಬಂಧ ಮುರಿದುಹೋಯ್ತು."

ವಿಷಯ ಇಷ್ಟೆ. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು. ಹಿರಿಯರು ಎಲೆ ಅಡಿಕೆ ಬದಲಾಯಿಸುವುದೊಂದು ಬಾಕಿ. ಹುಡುಗಿಯ ಮನೆ ಜೋಯಿಸರು ಬರೆದುಕೊಟ್ಟ ಜಾತಕದಲ್ಲಿ ಪೂರ್ವಾಷಾಢ ನಕ್ಷತ್ರ ಎಂದಿತ್ತು. ಗಂಡಿನ ಕಡೆಯವರು ಅದೇ ದಿನಾಂಕ, ಅದೇ ಗಂಟೆ ನಿಮಿಷ ಕೊಟ್ಟು ತಮ್ಮ ಜೋಯಿಸರ ಹತ್ತಿರ ಇನ್ನೊಮ್ಮೆ ಹಾಕಿಸಿದರು. ಅಲ್ಲಿ ಬಂದದ್ದು ಮೂಲಾ ನಕ್ಷತ್ರ! ಮೂಲಾ ನಕ್ಷತ್ರದ ಹೆಣ್ಣು ಮಾವನಿಗೆ ಆಗಿಬರುವುದಿಲ್ಲ ಎಂಬ ಮಾತು ನಮ್ಮ ಕಡೆ ಎಷ್ಟು ಹಳೆಯದೆಂದು ಓದುಗರಿಗೆ ಹೇಳಬೇಕಿಲ್ಲ. ಅದರ ಮೇಲೆ "ನಕ್ಷತ್ರ ಮುಚ್ಚಿಟ್ಟು ಮೋಸ ಮಾಡೋಕೆ ನೋಡಿದ್ರಿ" ಎಂಬ ಅಪವಾದ ಬೇರೆ.

"ನಾನು ಮೋಸ ಮಾಡಿದೆನಾ? ನಮ್ಮ ಜೋಯಿಸರು ಮಾಡಿದರಾ? ಅವರ ಜೋಯಿಸರಾ?" ಇದು ಗೆಳೆಯರ ಪ್ರಶ್ನೆ.

ಮೂವರೂ ಮಾಡಿಲ್ಲ. ಇಬ್ಬರು ಜೋಯಿಸರ ಲೆಕ್ಕವೂ ಅವರವರ ಮಟ್ಟಿಗೆ ಸರಿಯಾಗಿಯೇ ಇದೆ. ಹಾಗಾದರೆ ಒಂದೇ ಹುಡುಗಿಗೆ ಎರಡು ನಕ್ಷತ್ರ ಹೇಗೆ ಬಂತು? ಅದನ್ನು ತಿಳಿಯಬೇಕಾದರೆ ಜೋಯಿಸರ ಮಣೆ ಮೇಲಿರುವ ಪುಸ್ತಕವನ್ನು ಸ್ವಲ್ಪ ತೆರೆದು ನೋಡಬೇಕು.

ಗ್ರಹಗಳ ಟೈಂ ಟೇಬಲ್

ಜೋಯಿಸರು ಜಾತಕ ಬರೆಯುವಾಗ ಆಕಾಶ ನೋಡುವುದಿಲ್ಲ. ಪಂಚಾಂಗ ನೋಡುತ್ತಾರೆ, ಇಲ್ಲವೇ ಗ್ರಹಸ್ಫುಟದ ಕೋಷ್ಟಕ ನೋಡುತ್ತಾರೆ. ಇಂಥ ದಿನ ಇಷ್ಟು ಹೊತ್ತಿಗೆ ಸೂರ್ಯ ಎಲ್ಲಿ, ಚಂದ್ರ ಎಲ್ಲಿ, ಶನಿ ಎಲ್ಲಿ ಎಂದು ರಾಶಿ, ಡಿಗ್ರಿ ಸಮೇತ ಅಚ್ಚು ಹಾಕಿರುವ ಪುಸ್ತಕ ಅದು. ಡಿಗ್ರಿಯ 60ರಲ್ಲೊಂದು ಪಾಲಿಗೆ ಅವರು 'ಕಲೆ' ಅನ್ನುತ್ತಾರೆ. ಈಗ ಬಳಕೆಯಲ್ಲಿರುವ ಬಹಳಷ್ಟು ಕೋಷ್ಟಕಗಳಲ್ಲಿ ಬೆಳಗಿನ 5-30ರ ಸ್ಥಿತಿ ಕೊಟ್ಟಿರುತ್ತಾರೆ. ಆ ಹೊತ್ತೇ ಯಾಕೆ? ಇಂಗ್ಲೆಂಡಿನ ಗ್ರೀನಿಚ್‌ನಲ್ಲಿ ಮಧ್ಯರಾತ್ರಿ 12 ಹೊಡೆದಾಗ ನಮ್ಮ ಗಡಿಯಾರದಲ್ಲಿ 5-30. ಜಗತ್ತಿನ ಖಗೋಳದ ಲೆಕ್ಕ ಅಲ್ಲಿಂದ ಶುರುವಾಗುತ್ತದೆ.

ಬಸ್ಸಿನಲ್ಲಿ ಓಡಾಡುವವರಿಗೆ ಇದು ಹೊಸ ವಿಷಯವೇನಲ್ಲ. ಗುಂಡ್ಲುಪೇಟೆ ಬಸ್ಸು ಏಳಕ್ಕೆ ನಂಜನಗೂಡು ಬಿಟ್ಟು ಎಂಟಕ್ಕೆ ಗುಂಡ್ಲುಪೇಟೆ ಸೇರುತ್ತದೆ ಅಂದರೆ ಏಳೂವರೆಗೆ ಎಲ್ಲಿರುತ್ತದೆ? ಬೇಗೂರಿನ ಆಸುಪಾಸು ಎಂದು ಕೂತಲ್ಲೇ ಹೇಳುತ್ತೀರಿ. ಜೋಯಿಸರು ಮಾಡುವುದೂ ಇಷ್ಟೇ. ಇವತ್ತು ಬೆಳಿಗ್ಗೆ 5-30ಕ್ಕೆ ಚಂದ್ರ ಧನುಸ್ಸಿನ 6 ಡಿಗ್ರಿಯಲ್ಲಿದ್ದಾನೆ, ನಾಳೆ ಅದೇ ಹೊತ್ತಿಗೆ 19 ಡಿಗ್ರಿಗೆ ಬರುತ್ತಾನೆ ಅನ್ನಿ. ದಿನದ ಓಟ 13 ಡಿಗ್ರಿ. ಮಗು ಹುಟ್ಟಿದ್ದು ಸಂಜೆ 5-30ಕ್ಕೆ. 24 ಗಂಟೆಗೆ 13 ಡಿಗ್ರಿಯಾದರೆ 12 ಗಂಟೆಗೆ ಎಷ್ಟು? ಆರೂವರೆ. ಕೂಡಿದರೆ ಧನುಸ್ಸಿನ 12 ಡಿಗ್ರಿ 30 ಕಲೆ. ಅಂಗಡಿಯವರು ದಿನಾ ಮಾಡುವ ತ್ರೈರಾಶಿ ಲೆಕ್ಕ, ಮತ್ತೇನಿಲ್ಲ.

ಆಮೇಲೆ ನಕ್ಷತ್ರ. ಆಕಾಶದ 360 ಡಿಗ್ರಿಯನ್ನು 27 ಭಾಗ ಮಾಡಿದರೆ ಒಂದೊಂದು ನಕ್ಷತ್ರಕ್ಕೆ 13 ಡಿಗ್ರಿ 20 ಕಲೆ ಬರುತ್ತದೆ. ಧನುಸ್ಸಿನ ಮೊದಲಿನಿಂದ 13 ಡಿಗ್ರಿ 20 ಕಲೆಯವರೆಗೆ ಮೂಲಾ, ಅಲ್ಲಿಂದ ಮುಂದೆ ಪೂರ್ವಾಷಾಢ. ನಮ್ಮ ಗೆಳೆಯರ ಮಗಳ ಜಾತಕದಲ್ಲಿ ಚಂದ್ರ ಇದ್ದದ್ದು ಹೆಚ್ಚು ಕಡಿಮೆ ಈ ಮೇಲಿನ ಲೆಕ್ಕದಲ್ಲಿ ಬಂದ ಜಾಗದಲ್ಲೇ, ಗಡಿಯಿಂದ ಡಿಗ್ರಿಯೂ ಇಲ್ಲದಷ್ಟು ಈಚೆ. ಗಡಿಯ ಮೇಲಿನ ಊರಿನವರ ಪಾಡು ಗೊತ್ತಲ್ಲ? ಗೆರೆ ಸ್ವಲ್ಪ ಸರಿದರೂ ರಾಜ್ಯವೇ ಬದಲು!

ಸೊನ್ನೆ ಮೈಲಿಗಲ್ಲು ಎಲ್ಲಿದೆ?

ಆ ಗೆರೆ ಸರಿಯುವುದು ಯಾಕೆ? ಇಲ್ಲಿದೆ ಒಳಗುಟ್ಟು.

ಮೈಸೂರಿನಿಂದ ನಂಜನಗೂಡಿಗೆ ಎಷ್ಟು ಕಿಲೋಮೀಟರು ಎಂದು ಕೇಳಿದರೆ, ಎಲ್ಲಿಂದ ಅಳೆಯೋದು ಎಂಬ ಪ್ರಶ್ನೆ ಬರುತ್ತದೆ. ಬಸ್ ಸ್ಟ್ಯಾಂಡಿನಿಂದ ಒಂದು ಲೆಕ್ಕ, ಅಗ್ರಹಾರದಿಂದ ಒಂದು ಲೆಕ್ಕ. ನಂಜನಗೂಡು ಇದ್ದಲ್ಲೇ ಇದೆ, ಬದಲಾದದ್ದು ಸೊನ್ನೆ ಮೈಲಿಗಲ್ಲು.

ಆಕಾಶದಲ್ಲೂ ಹಾಗೇ. ಖಗೋಳ ವಿಜ್ಞಾನಿಗಳು ಅಳೆಯುವುದು ವಸಂತ ವಿಷುವದ ಬಿಂದುವಿನಿಂದ, ಅಂದರೆ ಮಾರ್ಚ್ 20–21ರ ಸುಮಾರಿಗೆ ಹಗಲು ರಾತ್ರಿ ಸಮವಾದಾಗ ಸೂರ್ಯ ಇರುವ ಜಾಗದಿಂದ. ನಮ್ಮ ಜೋಯಿಸರು ಅಳೆಯುವುದು ಅಶ್ವಿನಿ ನಕ್ಷತ್ರದ ಆರಂಭದಿಂದ. ಒಂದು ಕಾಲದಲ್ಲಿ ಎರಡೂ ಒಂದೇ ಕಡೆ ಇದ್ದವು. ಭೂಮಿಯ ಅಚ್ಚು ಬುಗುರಿಯ ಹಾಗೆ ತೂಗುವುದರಿಂದ ವಿಷುವ ಬಿಂದು 72 ವರ್ಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಹಿಂದಕ್ಕೆ ಜಾರುತ್ತಾ ಬಂದಿದೆ. ಈ ಎರಡರ ನಡುವಿನ ಅಂತರಕ್ಕೇ 'ಅಯನಾಂಶ' ಎಂದು ಹೆಸರು.

ಇದಕ್ಕೆ ಸಾಕ್ಷಿ ಬೇಕಾದರೆ ನಮ್ಮ ಸಂಕ್ರಾಂತಿ ಹಬ್ಬವೇ ಇದೆ. ಸೂರ್ಯ ನಿಜವಾಗಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21–22ಕ್ಕೆ. ನಾವು ಎಳ್ಳು ಬೀರುವುದು ಜನವರಿ 14–15ಕ್ಕೆ. ನಡುವಿನ ಆ ಇಪ್ಪತ್ತಮೂರು ಇಪ್ಪತ್ತನಾಲ್ಕು ದಿನದ ಅಂತರ ಅಯನಾಂಶದ ಲೀಲೆ.

ಜಗಳ ಎಲ್ಲಿ ಅಂದರೆ, ಆ ಎರಡು ಬಿಂದು ಕೂಡಿದ್ದ ವರ್ಷ ಯಾವುದು? ಅಶ್ವಿನಿ ಇಲ್ಲಿಂದ ಶುರು ಎಂದು ಆಕಾಶದಲ್ಲಿ ಯಾರೂ ಕಲ್ಲು ನೆಟ್ಟಿಲ್ಲ. ಕೋಲ್ಕತಾದ ನಿರ್ಮಲಚಂದ್ರ ಲಾಹಿರಿಯವರ ಹೆಸರಿನ ಲೆಕ್ಕದಲ್ಲಿ ಅದು ಕ್ರಿ.ಶ. 285. ಬೆಂಗಳೂರಿನ ಪ್ರಸಿದ್ಧ ಜ್ಯೋತಿಷಿ ಬಿ.ವಿ. ರಾಮನ್ (1912–1998) ಅವರ ಲೆಕ್ಕದಲ್ಲಿ ಕ್ರಿ.ಶ. 397. ಇವೆರಡರ ನಡುವೆ ಈಗ ಬರುವ ವ್ಯತ್ಯಾಸ ಸುಮಾರು ಒಂದೂವರೆ ಡಿಗ್ರಿ. ಇವಲ್ಲದೆ ಇನ್ನೂ ಹಲವು ಅಯನಾಂಶಗಳು ಚಾಲ್ತಿಯಲ್ಲಿವೆ.

ಈಗ ಗೆಳೆಯರ ಮಗಳ ಚಂದ್ರನಿಗೆ ಬನ್ನಿ. ಲಾಹಿರಿ ಲೆಕ್ಕದಲ್ಲಿ ಧನುಸ್ಸಿನ ಹನ್ನೆರಡೂವರೆ, ಅಂದರೆ ಮೂಲಾ ನಾಲ್ಕನೇ ಪಾದ. ರಾಮನ್ ಲೆಕ್ಕದಲ್ಲಿ ಒಂದೂವರೆ ಕೂಡಿ ಹದಿನಾಲ್ಕರ ಹತ್ತಿರ, ಅಂದರೆ ಪೂರ್ವಾಷಾಢ ಒಂದನೇ ಪಾದ. ಚಂದ್ರ ಒಬ್ಬನೇ, ಹುಡುಗಿ ಒಬ್ಬಳೇ. ಮನೆ ಜೋಯಿಸರ ಪುಸ್ತಕ ಒಂದು, ಬೀಗರ ಜೋಯಿಸರ ಪುಸ್ತಕ ಇನ್ನೊಂದು. ಅಪವಾದ ಮಾತ್ರ ಅಪ್ಪನ ತಲೆಗೆ!

ಇದು ಎಲ್ಲೋ ಲಕ್ಷಕ್ಕೊಂದು ಪ್ರಸಂಗ ಎಂದುಕೊಳ್ಳಬೇಡಿ. 13 ಡಿಗ್ರಿ 20 ಕಲೆಯಲ್ಲಿ ಒಂದೂವರೆ ಡಿಗ್ರಿ ಅಂದರೆ ಒಂಬತ್ತರಲ್ಲಿ ಒಂದು ಪಾಲು. ಅಂದರೆ ಈ ಎರಡು ಪುಸ್ತಕ ಇಟ್ಟುಕೊಂಡು ಹಾಕಿದರೆ ಸುಮಾರು ಒಂಬತ್ತು ಮಕ್ಕಳಲ್ಲಿ ಒಂದು ಮಗುವಿಗೆ ನಕ್ಷತ್ರವೇ ಬದಲಾಗುತ್ತದೆ. ಪಾದ ಬದಲಾಗುವುದು ಹತ್ತರಲ್ಲಿ ನಾಲ್ಕಕ್ಕೂ ಹೆಚ್ಚು ಮಕ್ಕಳಿಗೆ. ಹೆಸರಿನ ಮೊದಲಕ್ಷರ ಹೇಳುವುದು ಪಾದ ನೋಡಿಯೇ ಅಲ್ಲವೇ? ಇನ್ನು ದೆಸೆ. ಶನಿದೆಸೆ 19 ವರ್ಷ. ಶನಿಯ ನಕ್ಷತ್ರದಲ್ಲಿ ಹುಟ್ಟಿದವರಿಗೆ ದೆಸೆ ಮುಗಿಯುವ ಕಾಲ ಈ ಪುಸ್ತಕಕ್ಕೂ ಆ ಪುಸ್ತಕಕ್ಕೂ ಎರಡು ವರ್ಷ ಹಿಂದೆ ಮುಂದೆ ಆಗಬಹುದು. "ಇನ್ನೆರಡು ವರ್ಷ ತಡಕೊಳ್ಳಿ" ಎಂಬ ಮಾತು ಎಷ್ಟು ಮನೆಯಲ್ಲಿ ಎಷ್ಟು ಕೆಲಸ ನಿಲ್ಲಿಸಿದೆಯೋ!

ನಮ್ಮೂರ ಸೂರ್ಯ 23 ನಿಮಿಷ ತಡ

ಲಗ್ನದ ವಿಷಯ ಇನ್ನೂ ಸೂಕ್ಷ್ಮ. ಪೂರ್ವದಲ್ಲಿ ಏಳುತ್ತಿರುವ ರಾಶಿಯೇ ಲಗ್ನ. ಅದು ಸರಾಸರಿ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಓಡುತ್ತದೆ, ಎರಡು ಗಂಟೆಗೆ ಒಂದು ರಾಶಿ.

ನಮ್ಮ ಕೈಗಡಿಯಾರದ ಟೈಮು ಪೂರ್ವ ರೇಖಾಂಶ ಎಂಬತ್ತೆರಡೂವರೆ ಡಿಗ್ರಿಯ ಟೈಮು. ಮೈಸೂರು ಅದಕ್ಕಿಂತ ಪಶ್ಚಿಮಕ್ಕಿದೆ. ಆದ್ದರಿಂದ ನಮ್ಮೂರ ಸ್ಥಳೀಯ ಕಾಲ ಗಡಿಯಾರಕ್ಕಿಂತ ಸುಮಾರು 23 ನಿಮಿಷ ಹಿಂದೆ. ಬೆಂಗಳೂರಿಗೆ ಸುಮಾರು 20 ನಿಮಿಷ, ಮಂಗಳೂರಿಗೆ ಸುಮಾರು 31. ಇದನ್ನು ಕಳೆಯದೆ ಲಗ್ನ ಹಾಕಿದರೆ ಆರು ಡಿಗ್ರಿಯಷ್ಟು ತಪ್ಪು. ರಾಶಿಯ ಅಂಚಿನಲ್ಲಿದ್ದರೆ ಲಗ್ನವೇ ಬೇರೆ.

ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಇನ್ನೊಂದು ಸಂಗತಿ. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ಇಡೀ ದೇಶದ ಗಡಿಯಾರವನ್ನು ಸರ್ಕಾರ ಒಂದು ಗಂಟೆ ಮುಂದಕ್ಕೆ ತಿರುಗಿಸಿತ್ತು. ಆಗ ಹುಟ್ಟಿದವರ ಜಾತಕದಲ್ಲಿ ಆ ಒಂದು ಗಂಟೆ ಕಳೆಯದಿದ್ದರೆ ಲಗ್ನ ಅರ್ಧ ರಾಶಿ ಆಚೆ ಈಚೆ.

ಅಂಗಡಿ ಪೂಜೆ ಯಾವತ್ತು?

ಪಂಚಾಂಗದ ಜಗಳ ಜಾತಕಕ್ಕೆ ನಿಲ್ಲುವುದಿಲ್ಲ. 2024ರ ದೀಪಾವಳಿ ಅಂಗಡಿಯವರಿಗೆ ಮರೆತಿರಲಾರದು. ಅಮಾವಾಸ್ಯೆ ಅಕ್ಟೋಬರ್ 31ರ ಮಧ್ಯಾಹ್ನ ನಾಲ್ಕಕ್ಕೆ ಸ್ವಲ್ಪ ಮೊದಲು ಶುರುವಾಯಿತು, ನವೆಂಬರ್ 1ರ ಸಂಜೆ ಆರೂಕಾಲರ ಸುಮಾರಿಗೆ ಮುಗಿಯಿತು. ಲಕ್ಷ್ಮೀಪೂಜೆಗೆ ಸಂಜೆ ಅಮಾವಾಸ್ಯೆ ಇರಬೇಕು. 31ರ ಸಂಜೆ ಪೂರ್ತಿ ಇದೆ. 1ನೇ ತಾರೀಕು ನಮ್ಮೂರಲ್ಲಿ ಸೂರ್ಯ ಮುಳುಗುವುದು ಆರಕ್ಕೆ ಸ್ವಲ್ಪ ಮೊದಲು. ಅಂದರೆ ಕತ್ತಲಾದ ಮೇಲೂ ಇಪ್ಪತ್ತು ನಿಮಿಷದಷ್ಟು ಅಮಾವಾಸ್ಯೆ ಉಳಿದಿತ್ತು. ದೇಶದಲ್ಲಿ ಕೆಲವರು 31ಕ್ಕೆ ಮಾಡಿದರು, ಕೆಲವರು 1ಕ್ಕೆ ಮಾಡಿದರು.

ಇಲ್ಲಿ ಒಂದು ಮಾತು ಗಮನಿಸಿ. ತಿಥಿಗೆ ಅಯನಾಂಶದ ಗೊಡವೆಯಿಲ್ಲ. ಚಂದ್ರನಿಂದ ಸೂರ್ಯನನ್ನು ಕಳೆದು, 12 ಡಿಗ್ರಿಗೆ ಒಂದರಂತೆ ಎಣಿಸಿದರೆ ತಿಥಿ. ಎರಡಕ್ಕೂ ಸೊನ್ನೆ ಮೈಲಿಗಲ್ಲು ಒಂದೇ ಆದ್ದರಿಂದ ಕಳೆಯುವಾಗ ಅದು ಹೊರಟುಹೋಗುತ್ತದೆ. ತಿಥಿಯ ಜಗಳಕ್ಕೆ ಒಂದು ಕಾರಣ, ಯಾವ ಹೊತ್ತಿಗೆ ತಿಥಿ ಇರಬೇಕೆಂಬ ಶಾಸ್ತ್ರದ ವಾದ. ಇನ್ನೊಂದು ಕಾರಣ, ಕೋಷ್ಟಕ ಹಳೆಯದೋ ಹೊಸದೋ ಎಂಬುದು.

ಸೂರ್ಯಸಿದ್ಧಾಂತದಂಥ ಹಳೆಯ ಗ್ರಂಥಗಳ ಲೆಕ್ಕ ಅವು ಹುಟ್ಟಿದ ಕಾಲಕ್ಕೆ ದೊಡ್ಡ ಸಾಧನೆ. ಸೂರ್ಯಸಿದ್ಧಾಂತದ ವರ್ಷಕ್ಕೂ ಇಂದು ಅಳೆದಿರುವ ನಾಕ್ಷತ್ರಿಕ ವರ್ಷಕ್ಕೂ ವ್ಯತ್ಯಾಸ ಬರೀ ಮೂರೂವರೆ ನಿಮಿಷದ ಹತ್ತಿರ. ಆದರೆ ವರ್ಷಕ್ಕೆ ಮೂರೂವರೆ ನಿಮಿಷದಂತೆ ಸಾವಿರಾರು ವರ್ಷ ಸೇರಿದರೆ? ಬಡ್ಡಿ ಲೆಕ್ಕ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. ಚಂದ್ರನ ಓಟದಲ್ಲಿ ಹಳಬರಿಗೆ ಸಿಗದ ಕೆಲವು ಏರುಪೇರುಗಳೂ ಇವೆ. ಹಾಗಾಗಿ ಹಳೆಯ ಕೋಷ್ಟಕದಲ್ಲಿ ತಿಥಿ ಮುಗಿಯುವ ಹೊತ್ತು ಕೆಲವೊಮ್ಮೆ ಗಂಟೆಗಟ್ಟಲೆ ತಪ್ಪುತ್ತದೆ. 2024ರಂಥ ವರ್ಷದಲ್ಲಿ ಅರ್ಧ ಗಂಟೆ ತಪ್ಪಿದರೂ ಸಾಕು, ಹಬ್ಬದ ದಿನವೇ ಆಚೀಚೆ.

ಇದನ್ನು ಸರಿಪಡಿಸಲು ಹೊರಟವರಲ್ಲಿ ನಮ್ಮ ನಾಡಿನವರೊಬ್ಬರಿದ್ದರು. ನರಗುಂದದಲ್ಲಿ ಹುಟ್ಟಿ, ಬಾಗಲಕೋಟೆಯಲ್ಲಿ ಶಾಲೆಯ ಮಾಸ್ತರರಾಗಿದ್ದ ವೆಂಕಟೇಶ ಬಾಪೂಜಿ ಕೇತಕರರು (1854–1930). ಪಾಶ್ಚಾತ್ಯರ ಹೊಸ ಗಣಿತವನ್ನು ತೆಗೆದುಕೊಂಡು 'ಜ್ಯೋತಿರ್ಗಣಿತ' ಎಂಬ ಗ್ರಂಥವನ್ನು ಸಂಸ್ಕೃತದಲ್ಲಿ ಬರೆದರು. ಕಣ್ಣಿಗೆ ಕಂಡದ್ದು ಕೋಷ್ಟಕದಲ್ಲಿ ಇರಬೇಕು ಎಂಬುದೇ ಅವರ ವಾದ. 'ದೃಕ್' ಪಂಚಾಂಗ ಅಂದರೆ ಇದೇ. ಗ್ರಹಣವೇ ಅದಕ್ಕೆ ಬಹಿರಂಗ ಪರೀಕ್ಷೆ. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಬಳೆಯಾಕಾರದ ಸೂರ್ಯಗ್ರಹಣ ಕಂಡಿತಲ್ಲ, ಆ ದಿನ ಗಡಿಯಾರ ಹಿಡಿದು ನೋಡಿದವರಿಗೆ ಯಾವ ಕೋಷ್ಟಕ ಪಾಸು, ಯಾವುದು ಫೇಲು ಎಂದು ತಾನೇ ತಿಳಿಯುತ್ತಿತ್ತು.

ಆಣೆ ಹೋಯ್ತು, ಅಯನಾಂಶ ಉಳೀತು

ಸರ್ಕಾರ ಸುಮ್ಮನಿರಲಿಲ್ಲ. 1952ರಲ್ಲಿ ವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ನೇಮಿಸಿತು. ಮೇಲೆ ಹೇಳಿದ ಲಾಹಿರಿಯವರೇ ಅದರ ಕಾರ್ಯದರ್ಶಿ. ದೇಶದಲ್ಲಿ ಸುಮಾರು 30 ಬಗೆಯ ಪಂಚಾಂಗ ಪದ್ಧತಿ ಇರುವುದು ಆಗ ಲೆಕ್ಕಕ್ಕೆ ಸಿಕ್ಕಿತು. ಸಮಿತಿ 1955ರಲ್ಲಿ ವರದಿ ಕೊಟ್ಟಿತು. 1956ರ ಮಾರ್ಚ್ 21ಕ್ಕೆ ಅಯನಾಂಶ 23 ಡಿಗ್ರಿ 15 ಕಲೆ ಎಂದು ಗೊತ್ತುಪಡಿಸಲಾಯಿತು. ಇಂದು ಅದು 24 ಡಿಗ್ರಿ ದಾಟಿದೆ. ಅದೇ ಲೆಕ್ಕದ ರಾಷ್ಟ್ರೀಯ ಪಂಚಾಂಗ 1957ರಿಂದ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂತು.

ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದದ್ದು 1957ರ ಮಾರ್ಚ್ 22ಕ್ಕೆ. ಹತ್ತು ದಿನ ಕಳೆದು ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು. ಆಣೆ, ಕಾಸು ಹೋಯ್ತು. ಹಿಂದೆಯೇ ಸೇರು, ತೊಲ ಹೋಗಿ ಕಿಲೋ, ಗ್ರಾಂ ಬಂತು. ಅಂಗಡಿಯವರು ಗೊಣಗಿದರು, ಕಲಿತರು, ಒಗ್ಗಿಕೊಂಡರು. ಇಂದಿಗೂ ತಕ್ಕಡಿಗೆ, ಬಟ್ಟಿಗೆ ಸರ್ಕಾರದ ಮುದ್ರೆ ಇಲ್ಲದಿದ್ದರೆ ದಂಡ. ಜೋಯಿಸರ ಪುಸ್ತಕಕ್ಕೆ ಮುದ್ರೆ ಹಾಕುವವರು ಯಾರೂ ಇಲ್ಲ. ಧಾರ್ಮಿಕ ವಿಷಯ, ಹಾಕಬೇಕೆಂದು ಈ ಅಂಕಣವೂ ಹೇಳುತ್ತಿಲ್ಲ. ಆದರೆ ಒಂದು ಕಡೆ ಸೇರು, ಇನ್ನೊಂದು ಕಡೆ ಕಿಲೋ ಇಟ್ಟು ತೂಗಿ "ತೂಕದಲ್ಲಿ ಮೋಸ" ಎಂದರೆ ಅದು ನ್ಯಾಯವೇ?

ಕಂಪ್ಯೂಟರ್ ಬಂದ ಮೇಲೆ ಸರಿಹೋಗಿರಬೇಕಲ್ಲ ಎನ್ನಬಹುದು. ಲೆಕ್ಕದ ತಪ್ಪು ಕಡಿಮೆಯಾಗಿದೆ, ಅದು ನಿಜ. ಇಂದಿನ ಜಾತಕದ ಸಾಫ್ಟ್‌ವೇರುಗಳಲ್ಲಿ ಹಲವು, ಅಮೆರಿಕದ ಬಾಹ್ಯಾಕಾಶ ವಿಜ್ಞಾನಿಗಳು ತಯಾರಿಸಿದ ಗ್ರಹಸ್ಥಿತಿಯ ಅಂಕಿಗಳನ್ನೇ ಆಧಾರವಾಗಿ ಬಳಸುತ್ತವೆ. ಆದರೆ ಅದರೊಳಗೆ ಅಯನಾಂಶದ ಪಟ್ಟಿ ಹಾಗೇ ಇದೆ. ಲಾಹಿರಿ ಒತ್ತಿದರೆ ಮೂಲಾ, ರಾಮನ್ ಒತ್ತಿದರೆ ಪೂರ್ವಾಷಾಢ. ಬಣ್ಣದ ಪ್ರಿಂಟು ಎರಡೂ ಕಡೆ ಚೆನ್ನಾಗಿಯೇ ಬರುತ್ತದೆ!

ಕೋಷ್ಟಕ ಸರಿ, ಫಲ?

ಇಷ್ಟು ಹೊತ್ತು ಹೇಳಿದ್ದು ಗ್ರಹ ಎಲ್ಲಿದೆ ಎಂಬ ಮಾತು. ಅದು ಗಣಿತ, ತಾಳೆ ನೋಡಬಹುದು. ಆ ಗ್ರಹ ಮಾವನಿಗೆ ಏನು ಮಾಡುತ್ತದೆ ಎಂಬುದು ಬೇರೆಯೇ ಮಾತು. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ ಇದನ್ನೂ ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. 100 ಮಂದಿ ಬುದ್ಧಿವಂತ ವಿದ್ಯಾರ್ಥಿಗಳದ್ದು, 100 ಮಂದಿ ಬುದ್ಧಿಮಾಂದ್ಯ ಮಕ್ಕಳದ್ದು, ಹೀಗೆ 200 ಜಾತಕ. ಒಬ್ಬೊಬ್ಬ ಜ್ಯೋತಿಷಿಗೆ ಅದರಲ್ಲಿ 40 ಜಾತಕ ಕೊಟ್ಟು, ಯಾವುದು ಯಾರದ್ದು ಹೇಳಿ ಎಂದರು. ಉತ್ತರ ಕಳಿಸಿದ 27 ಮಂದಿಯ ಸರಾಸರಿ ನೂರಕ್ಕೆ 46. ನಾಣ್ಯ ಚಿಮ್ಮಿದರೂ 50ರ ಹತ್ತಿರ ಬರುತ್ತಿತ್ತು.

ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ಮೂಲಾ ನಕ್ಷತ್ರದಲ್ಲೂ ಒಂದನೇ ಪಾದಕ್ಕೆ ಮಾತ್ರ ದೋಷ ಎನ್ನುವ ಜೋಯಿಸರಿದ್ದಾರೆ, ನಾಲ್ಕಕ್ಕೂ ಇದೆ ಎನ್ನುವವರೂ ಇದ್ದಾರೆ. ಆದರೆ ನಂಬಿ ಹೋಗುವವರು ಕೂಡ ಮೂರು ಪ್ರಶ್ನೆ ಕೇಳಬಹುದು. ಕೇಳಿದರೆ ಬಲ್ಲ ಜೋಯಿಸರಿಗೆ ಕೋಪ ಬರುವುದಿಲ್ಲ.

ಒಂದು, "ಸ್ವಾಮಿ, ನಿಮ್ಮದು ದೃಕ್ ಪಂಚಾಂಗವೋ, ಹಳೆಯ ಸಿದ್ಧಾಂತದ್ದೋ?"

ಎರಡು, "ಅಯನಾಂಶ ಯಾರದು?" ಇದನ್ನು ಜಾತಕದ ಮೂಲೆಯಲ್ಲಿ ಬರೆಸಿಕೊಳ್ಳಿ.

ಮೂರು, "ಹುಟ್ಟಿದ ಹೊತ್ತು ಆಸ್ಪತ್ರೆಯ ಚೀಟಿಯದೋ, ಅಜ್ಜಿಯ ಅಂದಾಜೋ? ಊರಿನ ವ್ಯತ್ಯಾಸ ಕಳೆದಿದ್ದೀರಾ?"

ಗಂಡು ಹೆಣ್ಣಿನ ಜಾತಕ ಕೂಡಿಸುವಾಗಲಂತೂ ಎರಡನ್ನೂ ಒಂದೇ ಪುಸ್ತಕದಲ್ಲಿ ಹಾಕಿಸಬೇಕು. ಎರಡು ಜಾತಕದಲ್ಲಿ ನಕ್ಷತ್ರ ಬೇರೆ ಬಂದರೆ ಬೀಗರ ಮೇಲೆ ಹರಿಹಾಯುವ ಮೊದಲು ಅಯನಾಂಶ ಕೇಳಬೇಕು.

ಇದನ್ನೆಲ್ಲ ಗೆಳೆಯರಿಗೆ ಒಂದು ಚೀಟಿಯಲ್ಲಿ ಲೆಕ್ಕ ಮಾಡಿ ತೋರಿಸಿದೆ. ಅವರು ಎರಡು ಸಲ ಕೂಡಿ ಕಳೆದು ನೋಡಿದರು. ಲೆಕ್ಕದ ಮನುಷ್ಯ, ಬೇಗ ಹಿಡಿದರು.

"ಹೋಗಿ ಬೀಗರಿಗೆ ಈ ಚೀಟಿ ತೋರಿಸಿ" ಅಂದೆ.

"ಬೇಡಿ ಸಾರ್, ಆ ಹುಡುಗನಿಗೆ ಬೇರೆ ಕಡೆ ಗೊತ್ತಾಯ್ತಂತೆ" ಅಂದರು. ಚೀಟಿಯನ್ನು ಮಾತ್ರ ಮಡಿಸಿ ಗಲ್ಲಾದೊಳಗೆ ಇಟ್ಟುಕೊಂಡರು. "ಮುಂದಿನ ಸಲ ಜಾತಕ ಕೊಡೋಕೆ ಮುಂಚೆ ಇದನ್ನ ಕೇಳ್ತೀನಿ. ಎರಡನೇ ಮಗಳೂ ಇದ್ದಾಳಲ್ಲ."